ನಡುರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ನೀವೆಲ್ಲ ಏನು ಮಾಡುತ್ತೀರಿ?

ಬಣಕಲ್ ತೋಟ
ಫೆಬ್ರವರಿ 18, ಬೆಳಗಿನ ಜಾವ 3:10

ಈಗಷ್ಟೇ ನೋವು ಇಳಿದಿದೆ. ಮತ್ತೆ ಮಲಗಿದರೆ ಮತ್ತೆ ಹಿಡಿದುಕೊಂಡೀತು ಎಂಬ ಅಂಜಿಕೆಯಿಂದ ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಕುಳಿತು ಇದನ್ನು ಬರೆಯುತ್ತಿದ್ದೇನೆ.

ನನಗೆ 57 ವರ್ಷ. ಮೂಡಿಗೆರೆ ತಾಲ್ಲೂಕಿನ ಬಣಕಲ್ ಹತ್ತಿರ ನಮ್ಮದು ಎರಡೂವರೆ ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಆಳುಗಳು ಸಿಗುವುದು ಕಷ್ಟ. ಹಾಗಾಗಿ ಜನವರಿಯಿಂದ ಕೊಯ್ಲಿಗೆ ನಾನೇ ಇಳಿದಿದ್ದೇನೆ. ನಮ್ಮ ಗಿಡಗಳು ಎತ್ತರ, ತೋಟ ಪೂರ್ತಿ ಇಳಿಜಾರು. ತುದಿಗಾಲಿನಲ್ಲಿ ನಿಂತು ಒಂದು ಕೈಯಲ್ಲಿ ರೆಕ್ಕೆ, ಅಂದರೆ ಗಿಡದ ಕೊಂಬೆ, ಬಗ್ಗಿಸಿ ಹಿಡಿದು ಇನ್ನೊಂದು ಕೈಯಲ್ಲಿ ಹಣ್ಣು ಕೀಳಬೇಕು. ಸಂಜೆ ಕಣದಲ್ಲಿ ಒಣಗಿದ ಹಣ್ಣು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಮನೆ ಸೇರುವಷ್ಟರಲ್ಲಿ ಕಾಲು ನನ್ನದಲ್ಲವೆನ್ನುವ ಹಾಗಾಗಿರುತ್ತದೆ.

ತೊಂದರೆ ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಮೊದಮೊದಲು ಹದಿನೈದು ದಿನಕ್ಕೊಮ್ಮೆ. ಈಗ ವಾರಕ್ಕೆ ಮೂರು ನಾಲ್ಕು ರಾತ್ರಿ. ಹೆಚ್ಚಾಗಿ ಬಲಗಾಲು, ಕೆಲವೊಮ್ಮೆ ಎಡಗಾಲು. ಮಗ್ಗುಲು ಬದಲಿಸುವಾಗಲೋ ಕಾಲು ಚಾಚಿದಾಗಲೋ ಮೊದಲು ಹೆಬ್ಬೆರಳು ತಾನಾಗಿಯೇ ಕೆಳಕ್ಕೆ ಬಾಗುತ್ತದೆ. ಅಷ್ಟಾಯಿತೆಂದರೆ ನನಗೆ ಗೊತ್ತಾಗಿಬಿಡುತ್ತದೆ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ. ಮರುಕ್ಷಣ ಮೀನಖಂಡದೊಳಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಹುರಿ ಬಿಗಿಯುತ್ತದೆ. ಕೈ ಇಟ್ಟರೆ ಮಾಂಸವೆಂದು ಅನಿಸುವುದೇ ಇಲ್ಲ, ಚರ್ಮದ ಕೆಳಗೆ ಮೊಟ್ಟೆಯಷ್ಟು ದಪ್ಪದ ಗಟ್ಟಿ ಉಂಡೆ. ಒಳಗೆ ಅದು ಸಣ್ಣಗೆ ಅದುರುವುದು ಬೆರಳಿಗೆ ತಿಳಿಯುತ್ತದೆ. ಎರಡು ನಿಮಿಷವಿರಬಹುದು, ಮೂರಿರಬಹುದು. ಮರುದಿನ ಮಧ್ಯಾಹ್ನದವರೆಗೂ ಆ ಜಾಗ ಮುಟ್ಟಿದರೆ ಗಾಯದಂತೆ ನೋಯುತ್ತದೆ.

ಪಕ್ಕದ ಕೋಣೆಯಲ್ಲಿ 84 ವರ್ಷದ ಅತ್ತೆ ಮಲಗಿರುತ್ತಾರೆ. ನಾನು ಕೂಗಿದರೆ ಅವರು ಕತ್ತಲಲ್ಲಿ ಗಾಬರಿಯಿಂದ ಎದ್ದು ಬಿದ್ದಾರೆಂಬ ಭಯ. ಅದಕ್ಕೇ ಕಂಬಳಿಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು ಸಹಿಸುತ್ತೇನೆ. ಆದರೂ ಅವರಿಗೆ ಗೊತ್ತಾಗಿ ಕಾಲಿಗೆ ಕಪ್ಪು ದಾರ ಕಟ್ಟಿದ್ದಾರೆ. ಅವರ ಅಕ್ಕರೆಯನ್ನು ಬಿಚ್ಚಿಡಲು ಮನಸ್ಸಾಗದೆ ಹಾಗೆಯೇ ಇಟ್ಟುಕೊಂಡಿದ್ದೇನೆ.

ಒಂದು ಕ್ಲಿನಿಕ್‌ನಲ್ಲಿ ತೋರಿಸಿದೆ. ಕಾಲು ಮುಟ್ಟಿಯೂ ನೋಡಲಿಲ್ಲ, ವಯಸ್ಸಾಯಿತಲ್ಲ ಎಂದರು. ಔಷಧದ ಅಂಗಡಿಯಲ್ಲಿ ನರಕ್ಕೆ ಶಕ್ತಿ ಬರುತ್ತದೆಂದು ಕೆಂಪು ಮಾತ್ರೆ ಕೊಟ್ಟರು, ಮೂರು ಪಟ್ಟಿ ಮುಗಿಸಿದ್ದೇನೆ, ವ್ಯತ್ಯಾಸವಿಲ್ಲ. ಮೊನ್ನೆ ನೋವಿನಲ್ಲಿ ದಡಬಡನೆ ಎದ್ದು ನಿಲ್ಲಲು ಹೋಗಿ ಮಂಚದ ಕಾಲಿಗೆ ಮುಗ್ಗರಿಸಿದೆ. ಸೊಂಟ ಮುರಿದುಕೊಂಡರೆ ಈ ಮನೆಯ ಗತಿಯೇನು ಎಂದು ಅಂದಿನಿಂದ ಹೆದರಿಕೆ ಹಿಡಿದಿದೆ.

ನನ್ನದು ಎರಡೇ ಪ್ರಶ್ನೆ. ಹಿಡಿದುಕೊಂಡ ಆ ಗಳಿಗೆಯಲ್ಲಿ ಏನು ಮಾಡಿದರೆ ಬೇಗ ಬಿಡುತ್ತದೆ? ಬಾರದ ಹಾಗೆ ಮಾಡುವ ದಾರಿ ಇದೆಯೇ? ಅನುಭವಿಸಿದವರು ದಯವಿಟ್ಟು ಹೇಳಿ.


ಶಿರಾಡಿ ದಾರಿ
ಫೆಬ್ರವರಿ 18, ಬೆಳಿಗ್ಗೆ 6:25

ಅಕ್ಕ, ನಾನು ಹಾಸನದವನು, ಬಸ್ ಕಂಡಕ್ಟರ್. ಹದಿನೆಂಟು ವರ್ಷದಿಂದ ಘಾಟಿ ರಸ್ತೆಯಲ್ಲಿ ನಿಂತೇ ಕೆಲಸ. ನಿಮ್ಮ ಹೆಬ್ಬೆರಳಿನ ಮಾತು ಓದಿ ನನ್ನ ಕಾಲೇ ನೆನಪಾಯಿತು.

ಮೊದಲನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆ. ಮೀನಖಂಡ ಕುಗ್ಗಿಕೊಂಡಿರುತ್ತದೆ, ಅದನ್ನು ಉದ್ದ ಮಾಡಬೇಕು. ಮಲಗಿದಲ್ಲೇ ಮೊಣಕಾಲು ನೇರ ಮಾಡಿ, ಪಾದವನ್ನು ನಿಮ್ಮ ಮುಖದ ಕಡೆಗೆ ಎಳೆದುಕೊಳ್ಳಿ. ಬೆರಳು ಮೂಗಿಗೆ ತೋರಬೇಕು, ಹಿಮ್ಮಡಿ ದೂರಕ್ಕೆ ತಳ್ಳಬೇಕು. ಕೈ ಎಟುಕದಿದ್ದರೆ ಒಂದು ಟವೆಲನ್ನು ಪಾದದ ಮುಂಭಾಗಕ್ಕೆ ಹಾಕಿ ಎರಡು ತುದಿ ಹಿಡಿದು ಎಳೆಯಿರಿ. ಜಗ್ಗಬಾರದು, ನಿಧಾನವಾಗಿ ಎಳೆದು ಹಿಡಿದಿರಬೇಕು. ನಾನು ಮೊದಲು ಮಾಡುತ್ತಿದ್ದ ತಪ್ಪೆಂದರೆ ನೋವಿಗೆ ಮೈಮುರಿದಂತೆ ಬೆರಳುಗಳನ್ನು ಕೆಳಕ್ಕೆ ಚಾಚುತ್ತಿದ್ದೆ. ಹಾಗೆ ಮಾಡಿದರೆ ಉಂಡೆ ಇನ್ನೂ ಬಿಗಿಯುತ್ತದೆ.

ನನ್ನ ಟವೆಲು ದಿಂಬಿನ ಕೆಳಗೇ ಇರುತ್ತದೆ. ತಂಗುವ ಊರಿನಲ್ಲಿ ಮಲಗುವಾಗಲೂ ಇಟ್ಟುಕೊಳ್ಳುತ್ತೇನೆ. ದಡಬಡನೆ ಏಳಬೇಡಿ ಅಕ್ಕ. ಮೊದಲು ಕುಳಿತಲ್ಲೇ ಎಳೆಯಿರಿ, ಸ್ವಲ್ಪ ಸಡಿಲವಾದ ಮೇಲೆ ಮಂಚ ಹಿಡಿದು ಎದ್ದು ಹಿಮ್ಮಡಿ ಊರಿ ನಿಲ್ಲಿ.


ಅರಸೀಕೆರೆ ತೆಂಗು
ಫೆಬ್ರವರಿ 18, ಬೆಳಿಗ್ಗೆ 9:40

ನಮ್ಮ ಮನೆಯಲ್ಲಿ ಇದಕ್ಕೆ ದಿನಕ್ಕೊಂದು ಎಳನೀರು, ರಾತ್ರಿ ಊಟವಾದ ಮೇಲೆ ಒಂದು ಬಾಳೆಹಣ್ಣು. ನನಗೆ 63. ಎರಡು ವರ್ಷದ ಹಿಂದೆ ಬಹಳ ಕಾಡಿತ್ತು. ಯಾರೋ ಹೇಳಿದರೆಂದು ಮೆಗ್ನೀಸಿಯಂ ಮಾತ್ರೆ ಮೂರು ತಿಂಗಳು ನುಂಗಿದೆ, ಭೇದಿಯಾಯಿತೇ ಹೊರತು ಕಾಲು ಹಿಡಿಯುವುದು ನಿಲ್ಲಲಿಲ್ಲ. ನಮ್ಮ ತಂದೆಯವರ ಕಾಲದಲ್ಲಿ ಕಾಂಪೌಂಡರ್ ಒಬ್ಬರು ಇದಕ್ಕೆ ಕ್ವಿನೈನ್ ಕೊಡುತ್ತಿದ್ದರು, ಒಂದೇ ವಾರದಲ್ಲಿ ವಾಸಿಯಾಗುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಈಗ ಅದು ಸಿಗುತ್ತದೆಯೇ? ತಿಳಿದವರು ಹೇಳಿದರೆ ನಾನೂ ತರಿಸಿಕೊಳ್ಳುತ್ತೇನೆ.


ಬಿಳಿ ಟೋಪಿ
ಫೆಬ್ರವರಿ 18, ಸಂಜೆ 5:15

ನಾನು ಚಿಕ್ಕಮಗಳೂರಿನಲ್ಲಿರುವ ನಿವೃತ್ತ ನರ್ಸ್. 34 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ವೈದ್ಯಳಲ್ಲ. ಆದರೆ ರಾತ್ರಿ ಪಾಳಿಯಲ್ಲಿ ಎಷ್ಟು ಜನರ ಪಾದ ಹಿಡಿದು ಮೇಲಕ್ಕೆ ಒತ್ತಿದ್ದೇನೋ ಲೆಕ್ಕವಿಲ್ಲ.

ಮೊದಲು ಅರಸೀಕೆರೆಯವರಿಗೆ, ಏಕೆಂದರೆ ಅದು ತುರ್ತು. ಸ್ವಾಮಿ, ಕ್ವಿನೈನ್ ವಿಚಾರವನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಅದು ಮಲೇರಿಯಾದ ಔಷಧ. ಕಾಲಿನ ಸೆಳೆತವನ್ನು ಸ್ವಲ್ಪ ಮಟ್ಟಿಗೆ ಕಡಿಮೆ ಮಾಡುತ್ತದೆ ಎಂಬುದು ನಿಜ, ನಿಮ್ಮ ತಂದೆಯವರು ಸುಳ್ಳು ಹೇಳಿಲ್ಲ. ಆದರೆ ಕೆಲವರಲ್ಲಿ ಅದು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳನ್ನು ಒಮ್ಮೆಲೇ ಇಳಿಸಿ ರಕ್ತಸ್ರಾವ ತರುತ್ತದೆ, ಹೃದಯದ ಬಡಿತದ ಲಯ ಕೆಡಿಸುತ್ತದೆ. ಯಾರಿಗೆ ಹಾಗಾಗುತ್ತದೆ ಎಂದು ಮೊದಲೇ ತಿಳಿಯುವ ದಾರಿಯಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲೇ ಅನುಮೋದನೆಯಿಲ್ಲದ ಕ್ವಿನೈನ್ ಮಾತ್ರೆಗಳನ್ನು ಮಾರುಕಟ್ಟೆಯಿಂದ ತೆಗೆಸಿತು, ಕಾಲಿನ ಸೆಳೆತಕ್ಕೆ ಬಳಸಬೇಡಿ ಎಂದು 2010ರಲ್ಲಿ ಮತ್ತೆ ಎಚ್ಚರಿಸಿತು. ಮೂರು ನಿಮಿಷದ ನೋವಿಗೆ ಪ್ರಾಣ ಪಣಕ್ಕಿಡುವುದು ಬೇಡ. ಮೆಗ್ನೀಸಿಯಂ ಬಗ್ಗೆ ನಿಮ್ಮ ಅನುಭವವೇ ಸರಿ. ಅದರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಸಂಶೋಧಕರ ಸಂಸ್ಥೆಯ ವಿಮರ್ಶೆ 2020ರಲ್ಲಿ ಹೇಳಿದ್ದೂ ಅದನ್ನೇ, ವಯಸ್ಸಾದವರ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ ಎಂದು. ಎಳನೀರು, ಬಾಳೆಹಣ್ಣು ಒಳ್ಳೆಯ ಆಹಾರ, ತಿನ್ನಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಎಳನೀರನ್ನು ವೈದ್ಯರನ್ನು ಕೇಳದೆ ಕುಡಿಯಬಾರದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಈಗ ಬಣಕಲ್‌ನ ತಂಗಿಗೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಒಂದು ಮಾತು ಮಾತ್ರ ನೀವು ಬರೆದಿಲ್ಲ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್, ಉಬ್ಬಸ, ಯಾವುದಕ್ಕಾದರೂ? ದೀಪಾವಳಿಯ ಆಸುಪಾಸಿನಲ್ಲಿ ಹೊಸದೇನಾದರೂ ಶುರುವಾಯಿತೇ? ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಹೆಸರನ್ನು ಕೊನೆಯ ಅಕ್ಷರದವರೆಗೆ ಓದಿ ಬರೆಯಿರಿ.

ಇನ್ನೊಂದು, ನೀವು ನೀರು ಎಷ್ಟು ಕುಡಿಯುತ್ತೀರಿ? ತೋಟದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರು ಮುಟ್ಟದಿರುವುದನ್ನು ನಾನು ಕಂಡಿದ್ದೇನೆ. ಏಕೆಂದು ನಮಗೆಲ್ಲ ಗೊತ್ತು. ಮರೆಯಿರುವ ಜಾಗ ಸಿಗುವುದಿಲ್ಲ.

ನಿಮ್ಮ ವರ್ಣನೆ ಓದಿದರೆ ಇದು ಬರಿಯ ಸ್ನಾಯು ಸೆಳೆತವೆಂದೇ ಕಾಣುತ್ತದೆ. ಆದರೂ ಇದನ್ನು ಓದುವ ಎಲ್ಲರಿಗೂ ಹೇಳಬೇಕಾದದ್ದಿದೆ. ಒಂದೇ ಕಾಲು ಊದಿಕೊಂಡು, ಕೆಂಪಾಗಿ, ಬಿಸಿಯಾಗಿ, ನೋವು ಗಂಟೆಗಟ್ಟಲೆ ಇಳಿಯದಿದ್ದರೆ ಅದು ಸೆಳೆತವಲ್ಲ. ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು, ಆ ಕಾಲನ್ನು ತಿಕ್ಕಬಾರದು. ಇಷ್ಟು ದೂರ ನಡೆದರೆ ಮೀನಖಂಡ ನೋಯುತ್ತದೆ, ನಿಂತರೆ ಹೋಗುತ್ತದೆ ಎನ್ನುವವರು, ಅದರಲ್ಲೂ ಬೀಡಿ ಸಿಗರೇಟು ಸೇದುವವರು ಮತ್ತು ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತನಾಳ ಕಿರಿದಾಗಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಅಂಗಾಲು ಉರಿಯುವುದು, ಜುಮುಗುಡುವುದು ನರದ ತೊಂದರೆ. ನೋವಿಲ್ಲದೆ, ಉಂಡೆ ಕಟ್ಟದೆ, ಕಾಲು ಆಡಿಸುತ್ತಲೇ ಇರಬೇಕೆಂಬ ಚಡಪಡಿಕೆ ಮಾತ್ರ ಇದ್ದರೆ ಅದು ಬೇರೆಯೇ, ಅನೇಕ ಸಲ ಕಬ್ಬಿಣಾಂಶದ ಕೊರತೆಯಿಂದ ಬರುತ್ತದೆ. ಎಲ್ಲವನ್ನೂ ‘ಕಾಲುನೋವು’ ಎಂದುಬಿಟ್ಟರೆ ನೋಡುವವರಿಗೆ ದಾರಿ ತಪ್ಪುತ್ತದೆ. ನೀವು ಇಲ್ಲಿ ಬರೆದ ಹಾಗೆಯೇ ಅಲ್ಲಿಯೂ ಹೇಳಬೇಕು.


ಬಣಕಲ್ ತೋಟ
ಫೆಬ್ರವರಿ 19, ರಾತ್ರಿ 8:50

ಅಕ್ಕ, ನೀವು ಕೇಳಿದ್ದು ನೋಡಿ ಎದೆ ಧಸಕ್ಕೆಂದಿತು. ರಕ್ತದೊತ್ತಡಕ್ಕೆ ಆರು ವರ್ಷದಿಂದ ಟೆಲ್ಮಿಸಾರ್ಟನ್ 40 ತೆಗೆದುಕೊಳ್ಳುತ್ತಿದ್ದೇನೆ. ದಸರೆಯಲ್ಲಿ ಪರೀಕ್ಷಿಸಿದಾಗ ಒತ್ತಡ ಇಳಿದಿಲ್ಲವೆಂದು ಮಾತ್ರೆ ಬದಲಾಯಿಸಿದ್ದರು. ಅದೇ ಹೆಸರು, ಬಣ್ಣ ಮಾತ್ರ ಬೇರೆ ಎಂದುಕೊಂಡು ನುಂಗುತ್ತಿದ್ದೆ. ಇವತ್ತು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಹೆಸರಿನ ಪಕ್ಕದಲ್ಲಿ ಪುಟ್ಟದಾಗಿ ‘ಎಚ್’ ಎಂದಿದೆ. ಕೆಳಗೆ ಹೈಡ್ರೋಕ್ಲೋರೋಥಯಜೈಡ್ 12.5 ಮಿಲಿಗ್ರಾಂ ಎಂದು ಬರೆದಿದೆ. ನಾಲ್ಕು ತಿಂಗಳಿಂದ ದಿನವೂ ಮುಟ್ಟುವ ಪಟ್ಟಿ, ಒಂದು ದಿನವೂ ಓದಿರಲಿಲ್ಲ.

ನೀರಿನ ವಿಷಯದಲ್ಲಿ ನೀವು ನನ್ನ ಹಿಂದೆ ನಿಂತು ನೋಡಿದ ಹಾಗೆ ಬರೆದಿದ್ದೀರಿ. ಬೆಳಿಗ್ಗೆ ಒಂದು ಲೋಟ ಕಾಫಿ, ಹನ್ನೊಂದಕ್ಕೆ ಇನ್ನೊಂದು, ಮಧ್ಯಾಹ್ನ ಊಟದ ಜೊತೆ ಸ್ವಲ್ಪ ಮಜ್ಜಿಗೆ. ಅಷ್ಟೇ. ಈಗ ಆ ಮಾತ್ರೆ ನಿಲ್ಲಿಸಿಬಿಡಲೇ?

ಶಿರಾಡಿ ದಾರಿಯವರೇ, ನಿನ್ನೆ ರಾತ್ರಿ ಮತ್ತೆ ಬಂದಿತು. ನಮ್ಮವರ ಹಳೆಯ ಟವೆಲು ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಎಳೆದು ಹಿಡಿದೆ. ನಿಧಾನಕ್ಕೆ ಐವತ್ತು ಎಣಿಸುವಷ್ಟರಲ್ಲಿ ಉಂಡೆ ಕರಗಿದ್ದು ಬೆರಳಿಗೆ ತಿಳಿಯಿತು. ನಿಮಗೆ ಒಳ್ಳೆಯದಾಗಲಿ ತಮ್ಮಾ.


ಬಿಳಿ ಟೋಪಿ
ಫೆಬ್ರವರಿ 19, ರಾತ್ರಿ 9:30

ನಿಲ್ಲಿಸಬೇಡಿ! ದಪ್ಪ ಅಕ್ಷರದಲ್ಲಿ ಬರೆಯಲು ಬಂದಿದ್ದರೆ ಹಾಗೆ ಬರೆಯುತ್ತಿದ್ದೆ. ಒತ್ತಡದ ಮಾತ್ರೆಯನ್ನು ತಾವಾಗಿಯೇ ಬಿಟ್ಟು ಪಾರ್ಶ್ವವಾಯುವಾಗಿ ಬಂದವರನ್ನು ನನ್ನ ಕೈಯಾರೆ ಮಂಚಕ್ಕೆ ಹಾಕಿದ್ದೇನೆ. ಮಾತ್ರೆ ಬಿಡುವುದಲ್ಲ, ಪಟ್ಟಿ ಹಿಡಿದುಕೊಂಡು ಹೋಗಿ ಬರೆದುಕೊಟ್ಟವರನ್ನು ಕೇಳುವುದು.

ಆ ‘ಎಚ್’ ನೀರಿಳಿಸುವ ಮಾತ್ರೆ. ಮೂತ್ರದ ಮೂಲಕ ನೀರು, ಉಪ್ಪು ಹೊರಹಾಕಿ ಒತ್ತಡ ಇಳಿಸುತ್ತದೆ. ಒಳ್ಳೆಯ ಔಷಧವೇ, ಸಾವಿರಾರು ಜನಕ್ಕೆ ಬೇಕಾದದ್ದು. ಆದರೆ ಕೆಲವರಲ್ಲಿ ಸೋಡಿಯಂ, ಪೊಟ್ಯಾಸಿಯಂ ಕೂಡ ಇಳಿದುಬಿಡುತ್ತದೆ. ನೀವು ಹಗಲೆಲ್ಲ ಬಿಸಿಲಿನಲ್ಲಿ ಬೆವರಿ, ನೀರೂ ಕುಡಿಯದೆ ಇದ್ದರೆ ಕೇಳಬೇಕೇ? ಈ ಬಗೆಯ ಮಾತ್ರೆಗಳಿಗೂ ರಾತ್ರಿಯ ಸೆಳೆತಕ್ಕೂ ನಂಟಿರುವುದನ್ನು ಕೆನಡಾದಲ್ಲಿ ಔಷಧ ಚೀಟಿಗಳ ದಾಖಲೆ ಇಟ್ಟುಕೊಂಡು ನಡೆಸಿದ ಅಧ್ಯಯನವೊಂದು 2012ರಲ್ಲಿ ತೋರಿಸಿದೆ. ಉಬ್ಬಸಕ್ಕೆ ಎಳೆದುಕೊಳ್ಳುವ, ದೀರ್ಘಕಾಲ ಕೆಲಸ ಮಾಡುವ ಕೆಲವು ಇನ್‌ಹೇಲರ್‌ಗಳೂ ಅದರಲ್ಲಿದ್ದವು. ನಿಮ್ಮ ಕಾಲಿಗೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಅನೇಕರಿಗೆ ಯಾವ ಕಾರಣವೂ ಸಿಗುವುದಿಲ್ಲ. ಆದರೆ ಮಾತ್ರೆ ಬದಲಾದ ಕೆಲವೇ ವಾರಕ್ಕೆ ಶುರುವಾದದ್ದನ್ನು ಹೇಳದೇ ಬಿಡುವುದು ಸರಿಯಲ್ಲ.

ವೈದ್ಯರ ಬಳಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಸಕ್ಕರೆ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಕೇಳಿ. ಕ್ಯಾಲೆಂಡರಿನಲ್ಲಿ ಹಿಡಿದುಕೊಂಡ ರಾತ್ರಿಗಳಿಗೆ ಗುರುತು ಹಾಕುತ್ತಾ ಬನ್ನಿ. ಲೆಕ್ಕ ತೋರಿಸಿದರೆ ವಯಸ್ಸು ಎಂದು ಹೇಳಿ ಕಳಿಸುವುದು ಅಷ್ಟು ಸುಲಭವಲ್ಲ.


ಯಗಚಿ
ಫೆಬ್ರವರಿ 20, ಬೆಳಿಗ್ಗೆ 10:05

ಬೇಲೂರಿನಿಂದ. ನಾನು ಏಳು ತಿಂಗಳ ಗರ್ಭಿಣಿ, ನನಗೂ ಹತ್ತು ದಿನದಿಂದ ಬೆಳಗಿನ ಜಾವ ಹೀಗಾಗುತ್ತಿದೆ. ಹೊಟ್ಟೆ ಅಡ್ಡ ಬರುವುದರಿಂದ ಪಾದ ಕೈಗೆ ಸಿಗುವುದಿಲ್ಲ. ಇದರಿಂದ ಮಗುವಿಗೆ ತೊಂದರೆಯೇ ಆಂಟಿ?


ಬಿಳಿ ಟೋಪಿ
ಫೆಬ್ರವರಿ 20, ಬೆಳಿಗ್ಗೆ 11:20

ಮಗುವಿಗೆ ಏನೂ ಆಗುವುದಿಲ್ಲ ಕಂದಾ. ಬಸುರಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ ಇದು ಬಹಳ ಸಾಮಾನ್ಯ. ಯಜಮಾನರಿಗೆ ಕಲಿಸು. ನಿನ್ನ ಹಿಮ್ಮಡಿಯನ್ನು ಅವರು ಅಂಗೈಯಲ್ಲಿ ಹಿಡಿದು, ಮುಂಗೈಯಿಂದ ಅಂಗಾಲನ್ನು ನಿನ್ನ ಕಡೆಗೆ ಮೆಲ್ಲಗೆ ಒತ್ತಬೇಕು, ಮೊಣಕಾಲು ನೇರವಿರಬೇಕು. ಕೊಟ್ಟಿರುವ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಅಂಗಡಿಯಿಂದ ಬೇರೇನೂ ತಂದು ನುಂಗಬೇಡ. ಒಂದು ಕಾಲು ಮಾತ್ರ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗು. ಬಸುರಿಯಲ್ಲಿ ಹೆಪ್ಪು ಕಟ್ಟುವ ಅಪಾಯ ಹೆಚ್ಚು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.


ಹೇಮಾವತಿ ದಂಡೆ
ಫೆಬ್ರವರಿ 21, ರಾತ್ರಿ 10:15

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಊರು ಸಕಲೇಶಪುರದ ಕಡೆ, ಅಮ್ಮ ಈಗಲೂ ಕಾಫಿ ಕೊಯ್ಯುತ್ತಾರೆ. ಹಾಗಾಗಿ ‘ತುದಿಗಾಲಿನಲ್ಲಿ ನಿಂತು’ ಎಂಬ ಮಾತಿಗೆ ನನ್ನ ಗಮನ ಹೋಯಿತು.

ತುದಿಗಾಲಿನಲ್ಲಿ ನಿಂತಾಗ ಇಡೀ ಮೈಯ ಭಾರ ಹೊರುವುದು ಮೀನಖಂಡ, ಅದೂ ಕುಗ್ಗಿಕೊಂಡು. ಹಗಲೆಲ್ಲ ಹಾಗೆ ದಣಿದ ಸ್ನಾಯುವನ್ನು ರಾತ್ರಿ ಮಲಗಿಸಿದಾಗಲೂ ನಾವು ಕುಗ್ಗಿಸಿಯೇ ಇಡುತ್ತೇವೆ. ಹೇಗೆಂದರೆ, ಅಂಗಾತ ಮಲಗಿದರೆ ಪಾದ ತಾನಾಗಿ ಕೆಳಕ್ಕೆ ಜೋಲುತ್ತದೆ. ಅದರ ಮೇಲೆ ಮಲೆನಾಡಿನ ಭಾರದ ಕಂಬಳಿ, ಇನ್ನೊಂದು ರಗ್ಗು, ಚಳಿ ನುಗ್ಗದಿರಲೆಂದು ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿರುತ್ತೇವೆ. ಆ ಭಾರ ಬೆರಳುಗಳನ್ನು ಇನ್ನಷ್ಟು ಕೆಳಕ್ಕೆ ಒತ್ತುತ್ತದೆ. ಮೊದಲೇ ಕುಗ್ಗಿರುವ ಸ್ನಾಯು ಸ್ವಲ್ಪ ಬಿಗಿದರೂ ಸಾಕು, ಗಂಟು ಹಾಕಿಕೊಳ್ಳುತ್ತದೆ. ಅಮ್ಮಾ, ಇವತ್ತೇ ಕಾಲ ಕಡೆಯ ಹೊದಿಕೆ ಸಡಿಲ ಮಾಡಿ. ಬೋರಲು ಮಲಗುವ ಅಭ್ಯಾಸವಿದ್ದರೆ ಪಾದಗಳು ಹಾಸಿಗೆಯಿಂದ ಹೊರಗೆ ಇಳಿಬಿದ್ದಿರಲಿ.

ಮಲಗುವ ಮೊದಲು ಮಾಡಬೇಕಾದದ್ದು ಹೀಗೆ. ಗೋಡೆಗೆ ಮುಖ ಮಾಡಿ ಎರಡಡಿ ದೂರ ನಿಂತು ಎರಡೂ ಅಂಗೈ ಗೋಡೆಗೆ ಊರಿ. ಬಲಗಾಲನ್ನು ಒಂದು ಹೆಜ್ಜೆ ಹಿಂದಿಡಿ. ಹಿಂದಿನ ಕಾಲಿನ ಮೊಣಕಾಲು ನೇರ, ಹಿಮ್ಮಡಿ ನೆಲಕ್ಕೆ ಅಂಟಿರಬೇಕು, ಬೆರಳುಗಳು ನೇರ ಗೋಡೆಯ ಕಡೆಗೆ. ಈಗ ಮುಂದಿನ ಮೊಣಕಾಲು ಬಗ್ಗಿಸುತ್ತಾ ಸೊಂಟವನ್ನು ಗೋಡೆಯತ್ತ ಒಯ್ಯಿರಿ. ಮೀನಖಂಡ ಹಿಗ್ಗಿದ್ದು ತಿಳಿಯಬೇಕು, ನೋವಾಗಬಾರದು. ಮೂವತ್ತು ಎಣಿಸಿ. ಉಸಿರು ಬಿಗಿಹಿಡಿಯಬೇಡಿ. ಆಮೇಲೆ ಅದೇ ಭಂಗಿಯಲ್ಲಿ ಹಿಂದಿನ ಮೊಣಕಾಲನ್ನೂ ತುಸು ಮಡಚಿ, ಹಿಮ್ಮಡಿ ಎತ್ತದೆ, ಮತ್ತೆ ಮೂವತ್ತು. ಇದು ಒಳಪದರದ ಸ್ನಾಯುವಿಗೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಒಂದೊಂದು ಕಾಲಿಗೆ ಮೂರು ಸಲ. ಎಲ್ಲ ಸೇರಿ ಏಳೆಂಟು ನಿಮಿಷವಾದೀತು.

ಎಲ್ಲರೂ ಮಾಡುವ ತಪ್ಪು ಒಂದೇ. ಹಿಮ್ಮಡಿ ಕಾಲಂಗುಲದಷ್ಟು ಎದ್ದಿರುತ್ತದೆ. ಎದ್ದರೆ ಹಿಗ್ಗುವುದೇ ಇಲ್ಲ. ಮೊದಲ ದಿನ ಯಾರನ್ನಾದರೂ ಹಿಂದೆ ನಿಲ್ಲಿಸಿಕೊಂಡು ಹಿಮ್ಮಡಿ ನೋಡಲು ಹೇಳಿ.

ಇದು ಬಾಯಿಮಾತಲ್ಲ. ನೆದರ್ಲೆಂಡ್ಸ್‌ನಲ್ಲಿ 55 ದಾಟಿದ 80 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ವಾರ ಮಲಗುವ ಮೊದಲು ಮೀನಖಂಡ ಮತ್ತು ತೊಡೆಯ ಹಿಂಭಾಗ ಹಿಗ್ಗಿಸುವುದನ್ನು ಮಾಡಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಾಗೆ ಮಾಡಿದವರಲ್ಲಿ ಸೆಳೆತ ಬರುವುದೂ ಕಡಿಮೆಯಾಯಿತು, ಬಂದಾಗ ನೋವೂ ಕಡಿಮೆಯಾಯಿತು. ಆರು ವಾರ ಎಂಬುದನ್ನು ನೆನಪಿಡಿ. ಮೂರು ದಿನ ಮಾಡಿ ಬಿಡುವವರೇ ಹೆಚ್ಚು.

ತೋಟದಲ್ಲಿಯೂ ಒಂದು ಬದಲಾವಣೆ ಮಾಡಿಕೊಳ್ಳಿ. ರೆಕ್ಕೆ ಬಗ್ಗಿಸಲು ಕೊಕ್ಕೆಯ ಕೋಲು ಇಟ್ಟುಕೊಳ್ಳಿ, ಸಾಧ್ಯವಾದಷ್ಟು ಗಿಡದ ಮೇಲ್ಭಾಗದ ಇಳಿಜಾರಿನಿಂದ ಕೊಯ್ಯಿರಿ. ಆಗ ಗಿಡ ನಿಮಗೆ ಗಿಡ್ಡವಾಗಿ ಸಿಗುತ್ತದೆ, ಹಿಮ್ಮಡಿ ನೆಲದ ಮೇಲೆ ಉಳಿಯುತ್ತದೆ. ನಮ್ಮ ಅಮ್ಮನಿಗೆ ಹೇಳಿ ಹೇಳಿ ಸಾಕಾಗಿದೆ, ನೀವಾದರೂ ಮಾಡಿ.


ಅರಸೀಕೆರೆ ತೆಂಗು
ಫೆಬ್ರವರಿ 22, ಬೆಳಿಗ್ಗೆ 7:30

ನರ್ಸಮ್ಮನವರೇ, ಕ್ವಿನೈನ್ ವಿಚಾರ ಬಿಟ್ಟೆ. ಒಳ್ಳೆಯ ಹೊತ್ತಿನಲ್ಲಿ ಹೇಳಿದಿರಿ. ಗೋಡೆಯ ಮುಂದೆ ಇಂದಿನಿಂದ ನಿಲ್ಲುತ್ತೇನೆ.


ಬಣಕಲ್ ತೋಟ
ಏಪ್ರಿಲ್ 14, ಮಧ್ಯಾಹ್ನ 2:30

ಬಹಳ ದಿನವಾಯಿತು, ಕ್ಷಮಿಸಿ. ಮೆಣಸು ಕೊಯ್ಲು, ಅದರ ಹಿಂದೆಯೇ ಹೂವಿಗೆ ನೀರು ಹಾಯಿಸುವ ಕೆಲಸ. ರಾತ್ರಿಯೆಲ್ಲ ಎದ್ದು ನೀರು ಚಿಮ್ಮಿಸುವ ಜೆಟ್ ಬದಲಾಯಿಸಬೇಕಿತ್ತು. ಹೇಳದೆ ಇರಲು ಮನಸ್ಸು ಒಪ್ಪಲಿಲ್ಲ, ಅದಕ್ಕೇ ಇವತ್ತು ಕುಳಿತಿದ್ದೇನೆ.

ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿಗೇ ಹೋದೆ. ಪಟ್ಟಿಯನ್ನೂ ಕ್ಯಾಲೆಂಡರಿನ ಹಾಳೆಯನ್ನೂ ಮೇಜಿನ ಮೇಲೆ ಇಟ್ಟೆ. ಫೆಬ್ರವರಿ 18ರಿಂದ 28ರವರೆಗೆ ಏಳು ಗುರುತು. ಅವರು ಎರಡು ನಿಮಿಷ ಅದನ್ನೇ ನೋಡಿದರು. ಆಮೇಲೆ ಎರಡೂ ಕಾಲು ಮುಟ್ಟಿ, ಪಾದದ ಮೇಲೆ ನಾಡಿ ಹಿಡಿದು ನೋಡಿದರು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 3.2 ಬಂದಿತು, 3.5ಕ್ಕಿಂತ ಮೇಲಿರಬೇಕಂತೆ. ಸೋಡಿಯಂ 132, ಅದು 135ಕ್ಕಿಂತ ಮೇಲಿರಬೇಕು. ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ ಸರಿಯಾಗಿವೆ. ‘ಎಚ್’ ತೆಗೆದು ಬೇರೆ ಮಾತ್ರೆ ಸೇರಿಸಿಕೊಟ್ಟರು, ಎರಡು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರು. ಈಗ ಎರಡೂ ಸರಿಯಿವೆ, ರಕ್ತದೊತ್ತಡವೂ ಹತೋಟಿಯಲ್ಲಿದೆ. ಮಾತ್ರೆಯೊಂದೇ ಕಾರಣವೆಂದು ಹೇಳಲಾಗದು, ಹಿಗ್ಗಿಸುವುದನ್ನು ಬಿಡಬೇಡಿ ಎಂದು ಅವರೇ ಹೇಳಿದರು.

ಬಿಟ್ಟಿಲ್ಲ. ದೇವರ ಕೋಣೆಯ ಪಕ್ಕದ ಗೋಡೆ ನನ್ನ ಜಾಗ. ನೆಲ ಕೆಂಪು ಗಾರೆಯದು, ಬರಿಗಾಲಿಗೆ ತಣ್ಣಗೆ ತಾಗುತ್ತದೆ, ಹಿಮ್ಮಡಿ ಎದ್ದರೆ ಆ ತಂಪು ಹೋಗಿ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಹಿಂದೆ ನಿಂತು ನೋಡುವವರು ಬೇಕಾಗಲಿಲ್ಲ. ಮೊದಲ ಹತ್ತು ದಿನ ಏನೂ ಅನಿಸಲಿಲ್ಲ, ಬಿಟ್ಟುಬಿಡೋಣವೆನಿಸಿತ್ತು. ಆರು ವಾರ ಎಂದು ನೀವು ಬರೆದಿರದಿದ್ದರೆ ಬಿಡುತ್ತಿದ್ದೆನೇನೋ. ಕಂಬಳಿಯ ಅಂಚು ಸಿಕ್ಕಿಸುವುದನ್ನು ನಿಲ್ಲಿಸಿದ್ದೇನೆ. ಪಾದಕ್ಕೆ ಚಳಿಯಾದರೆ ಉಣ್ಣೆಯ ಕಾಲುಚೀಲ. ತೋಟಕ್ಕೆ ಎರಡು ಲೀಟರಿನ ಕ್ಯಾನು ಒಯ್ಯುತ್ತೇನೆ. ಪಂಪ್‌ಹೌಸಿನ ಹಿಂದೆ ನಾಲ್ಕು ಗಳ ನೆಟ್ಟು ಹಳೆಯ ಟಾರ್ಪಾಲು ಸುತ್ತಿ ಮರೆ ಮಾಡಿಸಿಕೊಂಡೆ. ಅರ್ಧ ದಿನದ ಕೆಲಸ. ಇಷ್ಟು ವರ್ಷ ನನಗೂ ಕೊಯ್ಲಿಗೆ ಬರುವ ಹೆಂಗಸರಿಗೂ ಇದು ಏಕೆ ಇರಲಿಲ್ಲ ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಈಗ ಅವರೂ ನೀರು ಕುಡಿಯುತ್ತಾರೆ.

ಮಾರ್ಚ್ ತಿಂಗಳ ಹಾಳೆಯಲ್ಲಿ ಆರು ಗುರುತು, ಅದರಲ್ಲಿ ನಾಲ್ಕು ಮೊದಲ ಹದಿನೈದು ದಿನದವು. ಏಪ್ರಿಲ್‌ನಲ್ಲಿ ಇಲ್ಲಿಯವರೆಗೆ ಒಂದು. ಅದು 9ನೆಯ ತಾರೀಕಿನದು. ಹಿಂದಿನ ದಿನ ಹಾಸನಕ್ಕೆ ಮದುವೆಗೆ ಹೋಗಿ, ಛತ್ರದಲ್ಲಿ ಬಡಿಸಲು ನಿಂತು, ತಡವಾಗಿ ಬಂದು ಗೋಡೆ ಮುಟ್ಟದೆ ಮಲಗಿದ್ದೆ. ಟವೆಲು ಎಳೆದೆ, ಬೇಗ ಬಿಟ್ಟಿತು. ಮರುದಿನ ಜಾಗ ನೋಯಲೂ ಇಲ್ಲ. ಅತ್ತೆ ಕೇಳಿದ್ದಕ್ಕೆ, ದಾರ ಇನ್ನೂ ಕಾಲಲ್ಲಿದೆ ಎಂದು ತೋರಿಸಿದೆ, ಅವರಿಗೆ ಸಮಾಧಾನವಾಯಿತು.

ಬೇಲೂರಿನ ಹುಡುಗಿ ಹೇಗಿದ್ದಾಳೆ? ತಿಂಗಳು ತುಂಬುತ್ತಾ ಬಂದಿರಬೇಕು.

ಹೇಮಾವತಿ ದಂಡೆಯವರಿಗೆ ಒಂದು ಪ್ರಶ್ನೆ ಉಳಿದಿದೆ. ಎರಡನೆಯದನ್ನು ಮಾಡುವಾಗ, ಅಂದರೆ ಹಿಂದಿನ ಮೊಣಕಾಲು ಮಡಚಿದಾಗ, ಎಡ ಮೊಣಕಾಲಿನ ಚಿಪ್ಪಿನ ಕೆಳಗೆ ಚುಚ್ಚುತ್ತದೆ. ಆ ಕಾಲಿಗೆ ಅದನ್ನು ಬಿಡಬಹುದೇ?


ಹೇಮಾವತಿ ದಂಡೆ
ಏಪ್ರಿಲ್ 14, ರಾತ್ರಿ 9:05

ನಿಮ್ಮ ಲೆಕ್ಕ ಓದಿ ಬಹಳ ಸಂತೋಷವಾಯಿತು ಅಮ್ಮಾ. ಬಿಡಬೇಡಿ, ಮಡಚುವುದನ್ನು ಅರ್ಧಕ್ಕೆ ಇಳಿಸಿ, ಕಾಲನ್ನು ಗೋಡೆಗೆ ಇನ್ನೂ ಅರ್ಧ ಅಡಿ ಹತ್ತಿರ ತನ್ನಿ. ಆಗಲೂ ಚುಚ್ಚಿದರೆ ಎಡಗಾಲಿಗೆ ನೇರ ಮೊಣಕಾಲಿನದ್ದು ಮಾತ್ರ ಸಾಕು, ಮೂರರ ಬದಲು ನಾಲ್ಕು ಸಲ ಮಾಡಿ. ಮೊಣಕಾಲು ಊದಿಕೊಂಡರೆ ಅಥವಾ ಮೆಟ್ಟಿಲು ಇಳಿಯುವಾಗಲೂ ಚುಚ್ಚಿದರೆ ಒಮ್ಮೆ ತೋರಿಸಿ.


ಯಗಚಿ
ಏಪ್ರಿಲ್ 15, ಬೆಳಿಗ್ಗೆ 8:40

ಚೆನ್ನಾಗಿದ್ದೇನೆ ಅಮ್ಮಾ, ಮುಂದಿನ ವಾರ ದಿನ ಕೊಟ್ಟಿದ್ದಾರೆ. ನಮ್ಮವರಿಗೆ ಈಗ ನಿದ್ದೆಯಲ್ಲೂ ನನ್ನ ಹಿಮ್ಮಡಿ ಹುಡುಕಿ ಹಿಡಿಯಲು ಬರುತ್ತದೆ.